ಪೇಂಟ್ ಬಕೆಟ್ಟಿನಲ್ಲಿ ಸುಗಂಧರಾಜ: ನನ್ನ ಅನುಭವ

ಈ ಸಲದ ಚೌತಿಗೆ ನಮ್ಮ ಗಣಪತಿಯ ಮುಂದೆ ಇಟ್ಟ ಸುಗಂಧರಾಜದಲ್ಲಿ ಒಂದು ಕಡ್ಡಿಯನ್ನೂ ಮುಂಬಯಿಯ ಹೂವಿನ ಪೇಟೆ ದಾದರ್‌ನಿಂದ ತಂದಿರಲಿಲ್ಲ. ಹನ್ನೊಂದೂ ಕಡ್ಡಿ ಇದೇ ಊರಿನ ಮುಲುಂಡಿನಲ್ಲಿರುವ ನಮ್ಮ ಮೂರನೇ ಮಹಡಿಯ ಕಿಟಕಿ ಗ್ರಿಲ್‌ನಲ್ಲಿ, ಹಳೆಯ ಪೇಂಟ್ ಬಕೆಟ್ಟುಗಳಲ್ಲಿ ಬೆಳೆದವು. "ಇದು ಹೊಲದ ಬೆಳೆ, ಗ್ರಿಲ್‌ನಲ್ಲಿ ಬರಲ್ಲ" ಅಂತ ನರ್ಸರಿಯವನು ಖಡಾಖಂಡಿತವಾಗಿ ಹೇಳಿದ್ದ. ನಮ್ಮ ಅತ್ತೆ ಧಾರವಾಡದವರು. ಮೊದಲ ವರ್ಷ ಬಂದು ನೋಡಿ, "ಡಬ್ಬ್ಯಾಗ ಉಳ್ಳಾಗಡ್ಡಿ ಹಚ್ಚೀಯೇನವಾ?" ಅಂದಿದ್ದರು. ಈಗ ಸಂಜೆ ಏಳಾದರೆ ಅವರೇ ಗ್ರಿಲ್ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಆ ಹೊತ್ತಿಗೇ ಅಲ್ವಾ ಇದರ ವಾಸನೆ ಏಳುವುದು!

ಇಷ್ಟಾಗಲು ನಾಲ್ಕು ಮಳೆಗಾಲ ಬೇಕಾಯಿತು. ಸೋತದ್ದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಸೋತಿರುತ್ತೀರಿ.

2019ರಲ್ಲಿ 30 ಗೆಡ್ಡೆ ತಂದೆ, ಒಂದಕ್ಕೆ 10 ರೂಪಾಯಿ. ಹೊಸ ಕುಂಡ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಬೇವಿನ ಹಿಂಡಿ ಎಲ್ಲ ಸೇರಿ 1,400 ರೂಪಾಯಿ ಹತ್ತಿರ ಖರ್ಚು. ಜೂನ್ ಮೊದಲ ವಾರ ನೆಟ್ಟೆ. ಜೂನ್ ಕೊನೆಗೆ ಮಳೆ ಹಿಡಿಯಿತು. ಜುಲೈಯಲ್ಲಿ ಒಂದನ್ನು ಕಿತ್ತು ನೋಡಿದರೆ ಕೊಳೆತ ಈರುಳ್ಳಿಯ ಹಾಗೆ ಕೈಯಲ್ಲೇ ಜಾರಿತು. 22 ಹಾಗೇ ಹೋದವು. ಉಳಿದ ಎಂಟರಲ್ಲಿ ಹೂ ಬಿಟ್ಟದ್ದು ಮೂರು. ಒಂದು ಕಡ್ಡಿಗೆ 450 ರೂಪಾಯಿಗಿಂತ ಜಾಸ್ತಿ ಬಿತ್ತು. ಮನೆಯವರು ಏನೂ ಅನ್ನಲಿಲ್ಲ, ಆದರೆ ಲೆಕ್ಕ ಅವರಿಗೂ ಗೊತ್ತಿತ್ತು.

ಮರುವರ್ಷ ಲಾಕ್‌ಡೌನ್. ನರ್ಸರಿ ಮುಚ್ಚಿತ್ತು, ಹೊಸ ಕುಂಡದ ಮಾತೇ ಇಲ್ಲ. ಬದುಕಿದ ಗಿಡಗಳ ಬುಡದಲ್ಲಿ ಮರಿಗೆಡ್ಡೆಗಳಿದ್ದವು, ಅವನ್ನೇ ಬಿಡಿಸಿದೆ. ಮನೆಯಲ್ಲಿದ್ದ 5 ಲೀಟರ್ ಎಣ್ಣೆ ಕ್ಯಾನುಗಳ ತಲೆ ಕತ್ತರಿಸಿದೆ. ಶ್ರೀಖಂಡದ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಆ ಮಳೆಗಾಲದಲ್ಲೂ ಹೆಚ್ಚಿನವು ಕೊಳೆತವು. ಒಂದು ಕ್ಯಾನ್ ಮಾತ್ರ ಗಟ್ಟಿಯಾಗಿ ನಿಂತಿತು, ಎಲೆ ಕಡು ಹಸಿರು. ಅದೇ ಮಣ್ಣು, ಅದೇ ಗೆಡ್ಡೆ, ಅದೇ ಮಳೆ. ಎತ್ತಿ ತಿರುಗಿಸಿ ನೋಡಿದೆ. ಮೊಳೆ ಹೊಡೆಯುವಾಗ ಅದರ ಪಕ್ಕ ಸೀಳಿತ್ತು, ತಳದಿಂದ ಒಂದು ಬೆರಳು ಮೇಲೆ. ನೀರೆಲ್ಲ ಅಲ್ಲಿಂದ ಹೊರಗೆ ಹೋಗುತ್ತಿತ್ತು.

ಆಗ ಹೊಳೆಯಿತು. ಕುಂಡಕ್ಕೆ ತಳದಲ್ಲಿ ಅಂಚು ಇರುತ್ತದೆ, ನೆಲದಿಂದ ಸ್ವಲ್ಪ ಎತ್ತಿ ನಿಲ್ಲುತ್ತದೆ. ನಮ್ಮ ಕ್ಯಾನು, ಡಬ್ಬಿಗಳ ತಳ ಸಪಾಟು. ಟೈಲ್ಸ್ ಮೇಲೆ ಇಟ್ಟರೆ ತೂತು ಮುಚ್ಚಿಕೊಳ್ಳುತ್ತದೆ. ಹತ್ತಲ್ಲ, ಇಪ್ಪತ್ತು ತೂತು ಹಾಕಿದರೂ ನೀರು ಹೋಗಲ್ಲ. ಅಂದಿನಿಂದ ಪ್ರತಿ ಡಬ್ಬಿಗೂ ಪಕ್ಕದ ತೂತು ಕಡ್ಡಾಯ. 20 ಲೀಟರ್ ಬಕೆಟ್ಟಿಗೆ ತಳದಲ್ಲಿ ಎಂಟು, ಪಕ್ಕದಲ್ಲಿ ಒಂದು ಬೆರಳು ಮೇಲೆ ಸುತ್ತಲೂ ಆರು. ಮೊಳೆ ಬೇಡ, ಸೀಳುತ್ತದೆ. ಕಾಯಿಸಿದ ಕಬ್ಬಿಣದ ಸರಳು ಸಾಕು. ಕಿಟಕಿ ತೆರೆದು ಮಾಡಿ, ಆ ಹೊಗೆ ಒಳ್ಳೆಯದಲ್ಲ. ತಳಕ್ಕೆ ಜಲ್ಲಿ, ಹೆಂಚಿನ ಚೂರು ಹಾಕುವುದನ್ನೂ ಬಿಟ್ಟೆ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಗೆಡ್ಡೆಗೆ ಇನ್ನೂ ಹತ್ತಿರ. ಮೇಲಾಗಿ ಗ್ರಿಲ್‌ಗೆ ಸುಮ್ನೆ ಭಾರ.

ಡಬ್ಬಿಗಳ ವಿಷಯ ಇಷ್ಟು. ಐಸ್‌ಕ್ರೀಮ್ ಡಬ್ಬಿ ಒಂದೇ ಬೇಸಿಗೆಗೆ ಬಿಸಿಲಿಗೆ ಪುಡಿಪುಡಿ. ತಗಡಿನ ಡಬ್ಬ ಏಪ್ರಿಲ್‌ನಲ್ಲಿ ಕಾದು ಬೇರು ಬೇಯಿಸುತ್ತದೆ, ಇಡಲೇಬೇಕೆಂದರೆ ಹೊರಗೆ ಸುಣ್ಣ ಬಳಿಯಿರಿ. ಮೀನು ಮಾರ್ಕೆಟ್ಟಿನ ಥರ್ಮೋಕೋಲ್ ಪೆಟ್ಟಿಗೆ ಹಗುರ, ಬೇರಿಗೆ ತಂಪು. ಆದರೆ ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ, ನಮ್ಮ ಮನೆಯಲ್ಲಿ ಅದು ನಡೆಯಲಿಲ್ಲ. ಎಲ್ಲಕ್ಕಿಂತ ಗಟ್ಟಿ ಬಿಳಿ ಪೇಂಟ್ ಬಕೆಟ್. ಭಂಗಾರ್‌ವಾಲಾ (ಗುಜರಿಯವನು) ಆಗ 30 ರೂಪಾಯಿಗೆ ಕೊಟ್ಟ. ಬಿಲ್ಡಿಂಗ್‌ನಲ್ಲಿ ಯಾರಾದರೂ ಮನೆಗೆ ಬಣ್ಣ ಹೊಡೆಸುತ್ತಿದ್ದರೆ ಪುಕ್ಕಟೆ. ನೀರಿನಲ್ಲಿ ಕಲಸುವ ಗೋಡೆ ಬಣ್ಣದ್ದೇ ಆಗಬೇಕು, ಎಣ್ಣೆ ಬಣ್ಣದ್ದು ಬೇಡ.

ಎರಡನೇ ಪಾಠ, ಒಣ ಶುರು. ಗೆಡ್ಡೆಯನ್ನು ನೇರ ಬಕೆಟ್ಟಿಗೆ ಹಾಕಿ ದಿನಾ ನೀರು ಹೊಯ್ಯುವುದೇ ದೊಡ್ಡ ತಪ್ಪು. ಬೇರಿಲ್ಲದ ಗೆಡ್ಡೆ ನೀರು ಕುಡಿಯುವುದಾದರೂ ಹೇಗೆ? ನಾನು ಮಾರ್ಚ್ ಕೊನೆಯಲ್ಲಿ ಗೆಡ್ಡೆಗಳ ಒಣ ಸಿಪ್ಪೆ ತೆಗೆದು, ಬಾವಿಸ್ಟಿನ್ (ಶಿಲೀಂಧ್ರನಾಶಕ ಪುಡಿ) ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಆರಿಸುತ್ತೇನೆ. ಲೀಟರಿಗೆ 2 ಗ್ರಾಂ, ಕೈಗೆ ಗ್ಲೌಸ್ ಹಾಕಿ. ಆಮೇಲೆ ಮಿಠಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೋಕೋಪೀಟ್. ಮುಷ್ಟಿಯಲ್ಲಿ ಹಿಂಡಿದರೆ ಒಂದು ಹನಿಯೂ ಬೀಳಬಾರದು, ಅಷ್ಟೇ ತೇವ. ಗೆಡ್ಡೆ ಅರ್ಧ ಮಾತ್ರ ಹೂತಿರಬೇಕು. ಹಸಿರು ಮೂಗು ಕಾಣುವವರೆಗೆ ಒಂದು ಚಮಚವೂ ನೀರಿಲ್ಲ. 15ರಿಂದ 20 ದಿನ ಹಿಡಿಯುತ್ತದೆ. 25 ದಿನವಾದರೂ ಮೂಗು ತೋರಿಸದ್ದನ್ನು ನಾನು ಬಕೆಟ್ಟಿಗೆ ಏರಿಸುವುದಿಲ್ಲ. ಮಳೆ ಬರುವ ಹೊತ್ತಿಗೆ ಒಳ್ಳೆ ಬೇರು ಇಳಿದಿರುತ್ತದೆ, ಆಮೇಲೆ ಎಷ್ಟು ಸುರಿದರೂ ಹೆದರಿಕೆಯಿಲ್ಲ.

ಬಕೆಟ್ಟಿಗೆ ಐದು ಗೆಡ್ಡೆ. ಕೆಂಪು ಮಣ್ಣು, ಗೊಬ್ಬರ, ದಪ್ಪ ಮರಳು ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕನೆಯದೊಂದು ಸೇರಿಸುತ್ತೇನೆ, ಅದು ಅಡುಗೆಮನೆಯಿಂದಲೇ ಬರುತ್ತದೆ. ಅದರ ಹೆಸರು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೊಂದು ವರ್ಷ ನೋಡಿ ಹೇಳುತ್ತೇನೆ. ಕಡ್ಡಿ ಮೂರಡಿ ಎದ್ದು ಗಾಳಿಗೆ ಮಲಗುತ್ತದೆ. ಆಸರೆಗೆ ಮುರಿದ ಛತ್ರಿಯ ಕಡ್ಡಿಗಳು. ಮುಂಬಯಿಯಲ್ಲಿ ಮಳೆಗಾಲಕ್ಕೆ ಅದಕ್ಕೇನು ಬರವೇ?

ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ, ಅದರ ಮರಿಗಳೇ ಮುಂದಿನ ಬೆಳೆ. ಇದು ತಿಳಿಯದೆ ಹಳೆ ಗೆಡ್ಡೆಗೆ ಒಂದು ವರ್ಷ ಗೊಬ್ಬರ ಹಾಕಿದ್ದೆ. ಅಡಿಕೆ ಗಾತ್ರಕ್ಕಿಂತ ಸಣ್ಣ ಮರಿಗಳು ಆ ವರ್ಷ ಬರೀ ಎಲೆ. ಅವನ್ನು ಬೇರೆ ಕ್ಯಾನಿನಲ್ಲಿ ಒಟ್ಟಿಗೆ ಹಾಕಿ ಒಂದು ವರ್ಷ ದಪ್ಪ ಮಾಡಿಕೊಳ್ಳಿ. ನನ್ನ ತಮ್ಮ ಬೆಂಗಳೂರಿನಿಂದ ಪ್ರಜ್ವಲ್ ತಳಿಯ ಹತ್ತು ಗೆಡ್ಡೆ ತಂದುಕೊಟ್ಟ. ಅದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ, ಹಲವು ಸುತ್ತು ದಳದ್ದಲ್ಲ, ಒಂದೇ ಸುತ್ತಿನ ಹೂ. ಮೊಗ್ಗಿನಲ್ಲಿ ಸಣ್ಣಗೆ ಗುಲಾಬಿ ಛಾಯೆ. ಹೂ ದೊಡ್ಡದು, ಬಕೆಟ್ಟಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನಡುವೆ ಹಯಸಿಂತ್ ಹುಚ್ಚೂ ಹಿಡಿಯಿತು. ಅದು ಚಳಿ ದೇಶದ ಗೆಡ್ಡೆ, ಫ್ರಿಜ್ಜಿನಲ್ಲಿ ಹತ್ತು ವಾರ ಇಟ್ಟರೇ ಎಚ್ಚರವಾಗುವುದು. ಮೂರು ಗೆಡ್ಡೆಗೆ 360 ಕೊಟ್ಟೆ. ಮೊದಲ ಸಲ ತರಕಾರಿ ಟ್ರೇಯಲ್ಲಿ ಸೇಬಿನ ಪಕ್ಕ ಇಟ್ಟಿದ್ದೆ. ಹಣ್ಣು ಬಿಡುವ ಎಥಿಲೀನ್ ಗಾಳಿಗೆ ಒಳಗಿನ ಮೊಗ್ಗು ಸತ್ತು ಬರೀ ಎಲೆ ಬಂತು. ಮರುವರ್ಷ ಹಣ್ಣನ್ನೆಲ್ಲ ಹೊರಗಿಟ್ಟೆ. ಹಳೆ ಹಾರ್ಲಿಕ್ಸ್ ಬಾಟಲಿಯ ಬಾಯಿಗೆ ಗೆಡ್ಡೆ ಕೂರಿಸಿದೆ, ನೀರು ಬುಡಕ್ಕೆ ತಾಗದಷ್ಟು ಕೆಳಗೆ. ಜನವರಿಯಲ್ಲಿ ಒಂದು ನೀಲಿ ಗೊಂಚಲು ಬಿಟ್ಟಿತು! ಕುಳ್ಳಗೆ, ಎಲೆಯೊಳಗೇ ಕೂತಿತ್ತು, ಚಳಿ ಸಾಲದೆ ಹಾಗಾಗುತ್ತದೆ. ಆದರೂ ಇಡೀ ಹಾಲ್ ಘಮಘಮ. ಗೆಡ್ಡೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸುವರ್ಣಗೆಡ್ಡೆಯ ಹಾಗೆಯೇ ತುರಿಸುತ್ತದೆ.

ಶ್ರೀಖಂಡದ ಡಬ್ಬಿಗಳು ಈಗ ಮಳೆ ಲಿಲ್ಲಿಗೆ. ಡಬ್ಬಿಗೆ ಐದಾರು ಗೆಡ್ಡೆ ಒತ್ತಾಗಿ. ಮೇ ಕೊನೆಯ ಎರಡು ವಾರ ನೀರು ಪೂರ್ತಿ ಬಂದ್. ಮೊದಲ ಮಳೆ ಬಿದ್ದ ನಾಲ್ಕೈದು ದಿನಕ್ಕೆ ಎಲ್ಲ ಡಬ್ಬಿಯೂ ಒಟ್ಟಿಗೆ ಗುಲಾಬಿ. ಇದಕ್ಕಿಂತ ಸುಲಭದ ಗೆಡ್ಡೆ ಇಲ್ಲ.

ಜಗಳವೂ ಆಯಿತು. ಕೆಳಗಿನ ಮನೆಯವರ ಒಣಗಿದ ಬಟ್ಟೆ ಮೇಲೆ ಮಣ್ಣುನೀರು ಸೋರಿ, ಮಾತು ಸೊಸೈಟಿ ಮೀಟಿಂಗ್‌ವರೆಗೂ ಹೋಯಿತು. ಈಗ ಬಕೆಟ್ ಕೆಳಗೆ ಹಳೆ ಟ್ರೇ ಇಟ್ಟು ಮರಳು ತುಂಬಿದ್ದೇನೆ. ಮಳೆಗಾಲದಲ್ಲಿ ಟ್ರೇಯಲ್ಲಿ ನಿಂತ ನೀರನ್ನು ದಿನಾ ಚೆಲ್ಲಬೇಕು, ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು.

ಈ ವರ್ಷದ ಖರ್ಚು ಗೊಬ್ಬರ, ಹಿಂಡಿ ಸೇರಿ ಮುನ್ನೂರರ ಆಸುಪಾಸು. ಆರು ಬಕೆಟ್, ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ 26 ಕಡ್ಡಿ, ಒಂದೆರಡು ಹೆಚ್ಚುಕಮ್ಮಿ. ಚೌತಿಯ ಹೊತ್ತಿಗೆ ದಾದರ್‌ನಲ್ಲಿ ಒಂದು ಕಡ್ಡಿಗೆ 25 ರೂಪಾಯಿ ಕೇಳುತ್ತಿದ್ದರು.

ಈಗ ಎಲೆ ಹಳದಿಯಾಗುತ್ತಿದೆ, ನೀರು ನಿಲ್ಲಿಸಿದ್ದೇನೆ. ಮುಂದಿನ ತಿಂಗಳು ಕಿತ್ತು, ಈರುಳ್ಳಿಯ ಬಲೆಚೀಲದಲ್ಲಿ ನೇತುಹಾಕಬೇಕು. ಪಕ್ಕದ ಮನೆಯ ಕಾಕೂ ಆಗಲೇ ಎರಡು ಬಕೆಟ್ ತೊಳೆದು ಇಟ್ಟುಕೊಂಡಿದ್ದಾರೆ. ಅವರಿಗೆ ಹಳೇ ತಳಿಯ ಹತ್ತು ಗೆಡ್ಡೆ ಕೊಡುತ್ತೇನೆ. ಪ್ರಜ್ವಲ್ ಈ ವರ್ಷ ಯಾರಿಗೂ ಇಲ್ಲ.