ಗಮನ ಪರೀಕ್ಷೆ: ಕಂಪ್ಯೂಟರ್ ಅಳೆಯುವುದು, ನಾನು ನೋಡುವುದು

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇರಬಹುದಾ ಅಂತ ಮಗುವನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಹೆಚ್ಚಾಗಿ ಕೇಳುವುದು ಒಂದೇ. "ಕಂಪ್ಯೂಟರ್ ಟೆಸ್ಟ್ ಇದೆಯಂತಲ್ಲ ಮೇಡಂ, ಅದನ್ನು ಮಾಡಿ, ಇದೆಯೋ ಇಲ್ವೋ ಹೇಳಿಬಿಡಿ." ಹಾಗೆ ಕೇಳುವುದು ತಪ್ಪಲ್ಲ. ಮಗು ಸೋಮಾರಿ, ಹಟಮಾರಿ ಅನ್ನುವ ಮಾತನ್ನು ವರ್ಷಗಟ್ಟಲೆ ಕೇಳಿ ಸೋತವರು ಅವರು. ಒಂದು ಖಚಿತ ಉತ್ತರ ಅವರಿಗೆ ಬೇಕಾಗಿರುತ್ತದೆ. ಆದರೆ ಈ ಟೆಸ್ಟ್ ಒಂದೇ ಆ ಉತ್ತರ ಕೊಡಲಾರದು. ಎಡಿಎಚ್‌ಡಿಯನ್ನು ಹೌದು ಅಥವಾ ಇಲ್ಲ ಅಂತ ತೀರ್ಮಾನಿಸುವ ಯಾವ ಕಂಪ್ಯೂಟರ್ ಪರೀಕ್ಷೆಯೂ ಇಲ್ಲ. ಆದರೂ ಮನಶ್ಶಾಸ್ತ್ರಜ್ಞೆಯಾಗಿ ನಾನು ಇದನ್ನು ಕೈಬಿಟ್ಟಿಲ್ಲ. ಸರಿಯಾಗಿ ಮಾಡಿದರೆ ಬೇರೆಲ್ಲೂ ಸಿಗದ ಕೆಲವು ವಿಷಯ ಇಲ್ಲಿ ಸಿಗುತ್ತವೆ.

ಇದರ ಹೆಸರು ಕಂಟಿನ್ಯುಯಸ್ ಪರ್ಫಾರ್ಮೆನ್ಸ್ ಟೆಸ್ಟ್. ನಾವು ಸಿಪಿಟಿ ಅನ್ನುತ್ತೇವೆ. 1956ರಲ್ಲಿ ರಾಸ್ವಾಲ್ಡ್ ಮತ್ತು ಸಂಗಡಿಗರು ಮಿದುಳಿಗೆ ಹಾನಿಯಾದವರ ಗಮನ ಅಳೆಯಲು ಮೊದಲ ಸಿಪಿಟಿ ಮಾಡಿದರು. ಅಕ್ಷರಗಳು ಒಂದೊಂದಾಗಿ ಬರುತ್ತವೆ, ಹೇಳಿದ ಅಕ್ಷರ ಕಂಡಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಈಗಿನ ಕಾನರ್ಸ್ ಅನ್ನುವ ಸಿಪಿಟಿಯಲ್ಲಿ ಇದು ತಿರುಗಾಮುರುಗಾ. ಎಕ್ಸ್ ಬಿಟ್ಟು ಬೇರೆ ಎಲ್ಲ ಅಕ್ಷರಕ್ಕೂ ಒತ್ತಬೇಕು, 14 ನಿಮಿಷ. ಅಕ್ಷರಗಳ ನಡುವಿನ ಅಂತರ 1, 2 ಅಥವಾ 4 ಸೆಕೆಂಡು ಅಂತ ಬದಲಾಗುತ್ತಾ ಹೋಗುತ್ತದೆ. ಟೋವಾ ಅನ್ನುವ ಇನ್ನೊಂದು ಸಿಪಿಟಿಯಲ್ಲಿ ಅಕ್ಷರವೇ ಇಲ್ಲ. ದೊಡ್ಡ ಚೌಕದೊಳಗೆ ಚಿಕ್ಕ ಚೌಕ. ಅದು ಮೇಲೆ ಇದ್ದರೆ ಒತ್ತಬೇಕು, ಕೆಳಗೆ ಇದ್ದರೆ ಸುಮ್ನೆ ಇರಬೇಕು. ಸುಮಾರು 22 ನಿಮಿಷ ಇದೇ ನಡೆಯುತ್ತದೆ. ಮೊದಲರ್ಧದಲ್ಲಿ ಒತ್ತುವ ಸರದಿ ಅಪರೂಪ, ಹಾಗಾಗಿ ಗಮನ ಜಾರುತ್ತದಾ ಅಂತ ಗೊತ್ತಾಗುತ್ತದೆ. ಎರಡನೇ ಅರ್ಧದಲ್ಲಿ ಒತ್ತುವುದೇ ಜಾಸ್ತಿ, ಹಾಗಾಗಿ ಕೈ ತಡೆಯಲು ಆಗುತ್ತದಾ ಅಂತ ಗೊತ್ತಾಗುತ್ತದೆ. ನನಗೆ ಈ ಜೋಡಣೆ ತುಂಬಾ ಇಷ್ಟ.

ಬೋರ್ ಆಗುತ್ತದೆ ಅಂತ ಮಕ್ಕಳು ದೂರುತ್ತಾರೆ. ಬೋರ್ ಆಗಲೇಬೇಕು, ಟೆಸ್ಟ್ ಕೆಲಸ ಮಾಡುವುದೇ ಅದರಿಂದ. ಬಣ್ಣ, ಸಂಗೀತ, ಬಹುಮಾನ ಸೇರಿಸಿದರೆ ಎಡಿಎಚ್‌ಡಿ ಇರುವ ಮಗು ಕೂಡ ಎಷ್ಟೋ ಸಲ ಚೆನ್ನಾಗಿ ಮಾಡಿಬಿಡುತ್ತದೆ. ಗಂಟೆಗಟ್ಟಲೆ ವಿಡಿಯೋ ಗೇಮ್ ಆಡುವವನಿಗೆ ಗಮನದ ಸಮಸ್ಯೆ ಹೇಗಿರುತ್ತದೆ ಅಂತ ಅಜ್ಜ ಅಜ್ಜಿಯರು ಕೇಳಿದಾಗ ನಾನು ವಿವರಿಸುವುದು ಇದನ್ನೇ.

ಮಗುವನ್ನು ಮೊದಲ ಭೇಟಿಯಲ್ಲೇ ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ಮೊದಲು ಮಾತು. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವಾ, ಮನೆ ಮತ್ತು ಶಾಲೆ ಎರಡೂ ಕಡೆ ಕಾಣುತ್ತವಾ, ಕನಿಷ್ಠ ಆರು ತಿಂಗಳಿಂದ ಇವೆಯಾ, ಅದರಿಂದ ಮಗುವಿನ ದಿನನಿತ್ಯದ ಬದುಕಿಗೆ ತೊಂದರೆ ಆಗಿದೆಯಾ. ಮಾನಸಿಕ ತೊಂದರೆಗಳನ್ನು ಗುರುತಿಸಲು ತಜ್ಞರು ಬಳಸುವ ಕೈಪಿಡಿ ಡಿಎಸ್‌ಎಂ-5 ಕೇಳುವುದು ಇವನ್ನೇ. ಇದರ ಉತ್ತರ ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ. ಆಮೇಲೆ ಮನೆಯವರಿಂದಲೂ ಟೀಚರ್‌ನಿಂದಲೂ ವ್ಯಾಂಡರ್‌ಬಿಲ್ಟ್‌ನಂಥ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತೇನೆ. ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ ಅಂತ ವಿಚಾರಿಸುತ್ತೇನೆ. ಶಾಲೆಯ ನೋಟ್‌ಬುಕ್ ತರಲು ಹೇಳುತ್ತೇನೆ. ಪುಟದ ಮೇಲ್ಭಾಗದಲ್ಲಿ ಮುದ್ದಾದ ಅಕ್ಷರ, ಕೆಳಗೆ ಬರುವ ಹೊತ್ತಿಗೆ ಅರ್ಧಕ್ಕೇ ನಿಂತ ವಾಕ್ಯ. ಇಂಥ ಪುಟಗಳು ಬಹಳ ಹೇಳುತ್ತವೆ.

ಟೆಸ್ಟ್ ಬೆಳಿಗ್ಗೆಯೇ, ಮಗು ದಣಿಯುವ ಮೊದಲು. ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಅಂತ ಕೇಳದೆ ಶುರು ಮಾಡುವುದಿಲ್ಲ. ನಿದ್ದೆ ಕೆಟ್ಟಿದ್ದರೆ ಇನ್ನೊಂದು ದಿನ ಬನ್ನಿ ಅನ್ನುತ್ತೇನೆ, ಎಷ್ಟು ದೂರದಿಂದ ಬಂದಿದ್ದರೂ. ಮಗು ಆಗಲೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅವತ್ತು ಕೊಡಬೇಕಾ ಬೇಡವಾ ಅಂತ ಡಾಕ್ಟರ್ ಜೊತೆ ಮಾತಾಡಿ ನಿರ್ಧಾರ ಮಾಡುತ್ತೇವೆ. ಮನೆಯವರೇ ನಿಲ್ಲಿಸಿಕೊಂಡು ಬರಬಾರದು.

ಯಂತ್ರದ ವಿಷಯದಲ್ಲೂ ನಾನು ಬಿಗಿ. ಇಲ್ಲಿ ಅಳತೆ ಮಿಲಿಸೆಕೆಂಡುಗಳಲ್ಲಿ. ವೈರ್‌ಲೆಸ್ ಕೀಬೋರ್ಡ್ ತಡವಾಗಿ ಸಂಕೇತ ಕಳಿಸಿದರೆ ಆ ತಡ ಮಗುವಿನ ಲೆಕ್ಕಕ್ಕೆ ಸೇರುತ್ತದೆ. ಟೋವಾದವರು ತಮ್ಮದೇ ಗುಂಡಿ ಕೊಡುವುದು ಇದಕ್ಕೇ. ಇಂಟರ್‌ನೆಟ್ ಆಫ್, ನೋಟಿಫಿಕೇಶನ್ ಆಫ್. ಗೋಡೆ ಗಡಿಯಾರವನ್ನೂ ತೆಗೆಸುತ್ತೇನೆ, ಇಲ್ಲದಿದ್ದರೆ ಮಗು ಎಷ್ಟು ಹೊತ್ತಾಯಿತು ಅಂತ ಅದನ್ನೇ ನೋಡುತ್ತಿರುತ್ತದೆ. ಫೋನಿನಲ್ಲಿ ಡೌನ್‌ಲೋಡ್ ಮಾಡಿದ "ಗಮನ ಟೆಸ್ಟ್" ಫಲಿತಾಂಶ ತಂದು ತೋರಿಸುವವರಿಗೆ ಅದನ್ನು ಪಕ್ಕಕ್ಕಿಡಿ ಅನ್ನುತ್ತೇನೆ. ಅದೇ ವಯಸ್ಸಿನ ಬೇರೆ ಮಕ್ಕಳು ಹೇಗೆ ಮಾಡುತ್ತಾರೆ ಅನ್ನುವ ಲೆಕ್ಕ ಹಿಂದಿಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಇನ್ನು ನಾನು ಎಲ್ಲಿ ಕೂರುತ್ತೇನೆ ಅನ್ನುವುದು. ಮಗುವಿನ ಹಿಂದೆ, ಓರೆಯಾಗಿ. ಮುಖದ ಒಂದು ಬದಿ ಮತ್ತು ಕೈ ನನಗೆ ಕಾಣಬೇಕು, ನಾನು ಮಗುವಿಗೆ ಕಾಣಬಾರದು. ದೊಡ್ಡವರೊಬ್ಬರು ಪಕ್ಕದಲ್ಲೇ ಕೂತರೆ ಮಗುವಿನ ಗಮನವನ್ನು ಅವರೇ ಹಿಡಿದುಕೊಂಡಂತೆ ಆಗುತ್ತದೆ. ಶಾಬಾಶ್ ಅನ್ನುವುದೂ ಇಲ್ಲ. ಅಭ್ಯಾಸದ ಸುತ್ತಿನಲ್ಲಿ ಎಷ್ಟು ಬೇಕಾದರೂ ಹುರಿದುಂಬಿಸುತ್ತೇನೆ, ಅಸಲಿ ಟೆಸ್ಟ್ ಶುರುವಾದ ಮೇಲೆ ಮೌನ. ಕೈಯಲ್ಲಿ ಪೆನ್ನು, ಹಾಳೆ. ಎಷ್ಟನೇ ನಿಮಿಷದಲ್ಲಿ ಏನಾಯಿತು ಅಂತ ಬರೆಯುತ್ತಾ ಹೋಗುತ್ತೇನೆ. 4ನೇ ನಿಮಿಷ, ಕಾಲು ಅಲುಗಾಟ. 7ನೇ ನಿಮಿಷ, "ಇನ್ನೂ ಎಷ್ಟು?" 9ನೇ ನಿಮಿಷ, ಆಕಳಿಕೆ. ಹೊರಗೆ ಹಾರ್ನ್ ಕೇಳಿಸಿದರೆ ಅದೂ ಸೇರುತ್ತದೆ. ನನ್ನ ಮಟ್ಟಿಗೆ ಈ ಹಾಳೆ ಟೆಸ್ಟ್‌ನ ಅರ್ಧ ಭಾಗ.

ಕಾರಣ ಹೇಳುತ್ತೇನೆ. ಒಬ್ಬ ಹುಡುಗನ ರಿಪೋರ್ಟ್‌ನಲ್ಲಿ ಒತ್ತಬೇಕಾದಾಗ ಒತ್ತದೆ ಬಿಟ್ಟುಹೋದವು ತುಂಬಾ ಇದ್ದವು. ಬರೀ ಅಂಕಿ ನೋಡಿದ್ದರೆ ಯಾರಾದರೂ ಗಮನದ ಕೊರತೆ ಅಂತಲೇ ಬರೆಯುತ್ತಿದ್ದರು. ನನ್ನ ಹಾಳೆಯಲ್ಲಿ ಬೇರೆ ಕಥೆ ಇತ್ತು. ಅವನು ಚೆನ್ನಾಗಿ ಒತ್ತುತ್ತಿದ್ದ, ಇದ್ದಕ್ಕಿದ್ದಂತೆ ಕೆಲವೇ ಸೆಕೆಂಡು ಮುಖ ಖಾಲಿ, ಕಣ್ಣರೆಪ್ಪೆ ಪಟಪಟ, ಮತ್ತೆ ಏನೂ ಆಗದವನಂತೆ ಒತ್ತಲು ಶುರು. ಬಿಟ್ಟುಹೋದವೆಲ್ಲ ಆ ಗಳಿಗೆಗಳಲ್ಲೇ ಗುಂಪಾಗಿದ್ದವು. ನರರೋಗ ತಜ್ಞರ ಹತ್ತಿರ ಕಳಿಸಿದೆ. ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿಯಲ್ಲಿ ಆಬ್ಸೆನ್ಸ್ ಸೀಜರ್ ಅಂತ ಗೊತ್ತಾಯಿತು, ಅಂದರೆ ಒಂದು ಬಗೆಯ ಅಪಸ್ಮಾರ. ಅದಕ್ಕೆ ಕೊಡುವ ಔಷಧಿಯೇ ಬೇರೆ.

ಇನ್ನೊಬ್ಬಳು ಒಂದೂ ತಪ್ಪು ಮಾಡಲಿಲ್ಲ, ಆದರೆ ಪ್ರತಿ ಸಲವೂ ನಿಧಾನ. ಬೆರಳು ಗುಂಡಿಯ ಮೇಲೆ ಬಿಗಿಯಾಗಿ, ಉಸಿರು ಹಿಡಿದು, ತಪ್ಪಾದೀತು ಅನ್ನುವ ಭಯದಲ್ಲಿ ಕೂತಿದ್ದಳು. ಅವಳ ವಿಷಯದಲ್ಲಿ ನಾವು ಮುಂದೆ ಮಾತಾಡಿದ್ದು ಆತಂಕದ ಬಗ್ಗೆ.

ಅಂಕಿಗಳಲ್ಲಿ ಎಲ್ಲರೂ ಮೊದಲು ನೋಡುವುದು ಎರಡು: ಒತ್ತಬೇಕಾದಾಗ ಬಿಟ್ಟದ್ದು, ಒತ್ತಬಾರದಾಗ ಒತ್ತಿದ್ದು. ನಾನು ಮೊದಲು ನೋಡುವುದು ಪ್ರತಿಕ್ರಿಯೆಯ ವೇಗ ಎಷ್ಟು ಏರುಪೇರಾಗಿದೆ ಅನ್ನುವುದನ್ನು. ಸರಾಸರಿ ವೇಗ ಚೆನ್ನಾಗಿಯೇ ಇರಬಹುದು, ಆದರೆ ಒಂದು ಸಲ ಮಿಂಚಿನಂತೆ, ಮುಂದಿನ ಸಲ ಎರಡು ಪಟ್ಟು ತಡ. ಎಡಿಎಚ್‌ಡಿ ಮಕ್ಕಳಲ್ಲಿ ಈ ಏರುಪೇರು ಮತ್ತೆ ಮತ್ತೆ ಕಾಣುತ್ತದೆ. "ಕೆಲವು ದಿನ ಎಲ್ಲಾ ಬರುತ್ತೆ, ಕೆಲವು ದಿನ ಏನೂ ಬರಲ್ಲ" ಅಂತ ಟೀಚರ್ ಹೇಳುವುದಕ್ಕೂ ಇದಕ್ಕೂ ತಾಳೆ ಆಗುತ್ತದೆ, ಅಲ್ವಾ? ಆಮೇಲೆ ಟೆಸ್ಟ್‌ನ ಭಾಗಗಳನ್ನು ಬೇರೆ ಬೇರೆಯಾಗಿ ನೋಡುತ್ತೇನೆ. ಶುರುವಿನಿಂದಲೇ ಕಷ್ಟವೋ, ಕೊನೆಗೆ ಬರುವಾಗ ಕುಸಿಯಿತೋ ಅನ್ನುವುದರಲ್ಲಿ ವ್ಯತ್ಯಾಸವಿದೆ.

ರಿಪೋರ್ಟ್ ಕೈಗೆ ಸಿಕ್ಕಿದವರು ಒಂದು ವಿಷಯ ಗಮನಿಸಬೇಕು. ಕಾನರ್ಸ್‌ನಲ್ಲಿ ಸರಾಸರಿ ಅಂಕ 50. ತಪ್ಪು, ಏರುಪೇರಿನ ಅಂಕಗಳು ಅದಕ್ಕಿಂತ ಜಾಸ್ತಿ ಆದಷ್ಟೂ ತೊಂದರೆ ಹೆಚ್ಚು. ಟೋವಾದಲ್ಲಿ ಸರಾಸರಿ 100, ಅಲ್ಲಿ ಕಡಿಮೆ ಆದಷ್ಟೂ ತೊಂದರೆ ಹೆಚ್ಚು. ಎರಡನ್ನೂ ಬೆರೆಸಿ ಓದಿ ಗಾಬರಿಯಾದ ಪೋಷಕರು ನನಗೆ ಫೋನ್ ಮಾಡಿದ್ದುಂಟು.

ಟೆಸ್ಟ್ ನಾರ್ಮಲ್ ಬಂದರೂ ಬಾಲ್ಯದ ವಿವರ, ಶಾಲೆ, ಮನೆ ಎಲ್ಲವೂ ಎಡಿಎಚ್‌ಡಿ ಕಡೆಗೇ ತೋರಿಸಿದರೆ ನಾನು ಆ ವಿವರವನ್ನೇ ನಂಬುತ್ತೇನೆ. ನಿಶ್ಶಬ್ದ ಕೋಣೆ, ಒಂದೇ ಕೆಲಸ, ಹೊಸ ಅನುಭವ. ಚುರುಕಾದ ಮಗು ಇಷ್ಟು ಹೊತ್ತು ಹೇಗೋ ಹಿಡಿದುಕೊಳ್ಳುತ್ತದೆ. ಟೆಸ್ಟ್ ಕೆಟ್ಟು ಬಂದು ಹಿನ್ನೆಲೆ ಸರಿ ಇದ್ದರೆ ನಿದ್ದೆ, ಆತಂಕ, ಖಿನ್ನತೆ ಹುಡುಕುತ್ತೇನೆ. ಟೆಸ್ಟ್ ನಾರ್ಮಲ್ ಅನ್ನುವ ಒಂದೇ ಕಾರಣಕ್ಕೆ "ನಿಮ್ಮ ಮಗುವಿಗೆ ಏನೂ ಇಲ್ಲ" ಅಂತ ಹೇಳಿಸಿಕೊಂಡು ವಾಪಸ್ ಬಂದ ಕುಟುಂಬಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಣೆಗೆ ಪಟ್ಟಿ ಕಟ್ಟಿ ಕ್ಯಾಮೆರಾದಿಂದ ತಲೆಯ ಅಲುಗಾಟವನ್ನೂ ಅಳೆಯುವ ಕ್ಯೂಬಿಟೆಸ್ಟ್ ಈಗ ಹೆಚ್ಚು ಸುದ್ದಿಯಲ್ಲಿದೆ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ 6ರಿಂದ 17 ವಯಸ್ಸಿನವರ ರೋಗನಿರ್ಣಯಕ್ಕೆ ನೆರವಾಗಿ ಇದನ್ನು ಬಳಸಬಹುದು ಅಂದಿತು. ಅವರು ಹೇಳಿದ್ದೂ ತಜ್ಞರ ಪೂರ್ತಿ ಮೌಲ್ಯಮಾಪನದ ಜೊತೆಗೆ ಅಂತಲೇ.

ಟೆಸ್ಟ್ ಮುಗಿದ ತಕ್ಷಣ ನಾನು ಅಂಕಿ ತೆರೆಯುವುದಿಲ್ಲ. ಹೇಗಿತ್ತು ಅಂತ ಮಗುವನ್ನೇ ಕೇಳುತ್ತೇನೆ. "ಮಧ್ಯದಲ್ಲಿ ಬೇರೇನೋ ಯೋಚನೆ ಬಂತು", "ಬೇಡ ಅಂತ ಗೊತ್ತಿತ್ತು, ಕೈ ಒತ್ತಿಬಿಟ್ಟಿತು". ಇಂಥ ಮಾತುಗಳನ್ನು ಮಗು ಹೇಳಿದ ಹಾಗೆಯೇ ರಿಪೋರ್ಟ್‌ನಲ್ಲಿ ಅಂಕಿಗಳ ಪಕ್ಕಕ್ಕೆ ಬರೆಯುತ್ತೇನೆ. ಶಾಲೆಗೆ ಹೋಗುವ ಪ್ರತಿಯಲ್ಲೂ, ಮನೆಯವರು ಒಪ್ಪಿದರೆ, ಅವು ಇರುತ್ತವೆ.