ಲೂಣಿ ಜಲಾನಯನದ ಭೂಹೊದಿಕೆ ನಕ್ಷೆ: ನನ್ನ ಅನುಭವ

ಅಜ್ಮೇರ್ ಬಳಿಯ ಅರಾವಳಿ ಬೆಟ್ಟಗಳಲ್ಲಿ ಹುಟ್ಟಿ, ನೈಋತ್ಯ ದಿಕ್ಕಿಗೆ ಸುಮಾರು 495 ಕಿಲೋಮೀಟರ್ ಹರಿದು, ಸಮುದ್ರವನ್ನು ತಲುಪದೆ ಕಚ್ಛದ ರಣದಲ್ಲಿ ಕೊನೆಗಾಣುವ ಲೂಣಿ, ಥಾರ್ ಮರುಭೂಮಿಯ ಮುಖ್ಯ ನದಿ. ಹೆಸರಿನಲ್ಲೇ ಲವಣವಿದೆ, ಮೇಲ್ಭಾಗದಲ್ಲಿ ಸಿಹಿಯಾಗಿರುವ ನೀರು ಬಾಲೋತರಾ ದಾಟಿದ ಮೇಲೆ ಉಪ್ಪಾಗುತ್ತದೆ. ಒಂದು ಅಂತರ್ಜಲ ಅಧ್ಯಯನಕ್ಕಾಗಿ ಈ ಇಡೀ ಜಲಾನಯನದ ಭೂಹೊದಿಕೆಯನ್ನು, ಅಂದರೆ ಎಲ್ಲಿ ಹೊಲ, ಎಲ್ಲಿ ಮರಳು, ಎಲ್ಲಿ ಮರಗಿಡ ಎಂಬುದನ್ನು, ಉಪಗ್ರಹ ಚಿತ್ರಗಳಿಂದ ಗುರುತಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಳೆಯಲ್ಲಿ ಎಷ್ಟು ಪಾಲು ಹರಿದುಹೋಗುತ್ತದೆ, ಎಷ್ಟು ಇಂಗುತ್ತದೆ ಎಂಬುದನ್ನು ಕರ್ವ್ ನಂಬರ್ ವಿಧಾನದಲ್ಲಿ ಲೆಕ್ಕ ಹಾಕುವಾಗ ಪ್ರತಿಯೊಂದು ಹೊದಿಕೆಗೂ ಒಂದೊಂದು ಸಂಖ್ಯೆ ಕೊಡಬೇಕಾಗುತ್ತದೆ. ಮರಳುದಿನ್ನೆಯನ್ನು ಬೀಳು ಹೊಲವೆಂದೋ ಉಪ್ಪುನೆಲವನ್ನು ಮರಳೆಂದೋ ತಪ್ಪಾಗಿ ಗುರುತಿಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ರಾಯಚೂರಿನ ಎರೆಭೂಮಿಯಲ್ಲಿ ಬೆಳೆದ ನನಗೆ ಬೋಳು ನೆಲವೆಂದರೆ ಒಂದೇ ಬಗೆಯದು ಎಂಬ ಕಲ್ಪನೆಯಿತ್ತು. ಆ ಕಲ್ಪನೆ ಹೋಗುವುದಕ್ಕೆ ಎರಡು ವರ್ಷ ಹಿಡಿಯಿತು.

ಮೊದಲ ತೊಡಕು ಎದುರಾದದ್ದು ಜಲಾನಯನದ ಗಡಿರೇಖೆ ಎಳೆಯುವಲ್ಲಿ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ, 30 ಮೀಟರ್ ವಿವರದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು ತೆಗೆದುಕೊಂಡು, ರೂಢಿಯಂತೆ ತಗ್ಗುಗಳನ್ನೆಲ್ಲ ತುಂಬಿಸಿ, ನೀರು ಹರಿಯುವ ದಿಕ್ಕನ್ನು ಲೆಕ್ಕ ಹಾಕಿದೆ. ಮಲೆನಾಡಿನಲ್ಲಿ ಇದು ತೊಂದರೆ ಕೊಡದು, ಏಕೆಂದರೆ ಅಲ್ಲಿ ದತ್ತಾಂಶದಲ್ಲಿ ಕಾಣುವ ತಗ್ಗುಗಳಲ್ಲಿ ಹೆಚ್ಚಿನವು ಅಳತೆಯ ದೋಷಗಳು. ಮರುಭೂಮಿಯಲ್ಲಾದರೋ ತಗ್ಗುಗಳು ನಿಜವಾದವು: ದಿನ್ನೆಗಳ ನಡುವಿನ ಹಳ್ಳಗಳು, ತಲೆತಲಾಂತರದಿಂದ ಉಪ್ಪು ತೆಗೆಯುತ್ತಿರುವ ಪಚಪದರಾದಂಥ ಬೋಗುಣಿಗಳು. ಅವುಗಳನ್ನು ತುಂಬಿಸಿದ ಕೂಡಲೇ ಗಣಕಯಂತ್ರ ಅವುಗಳ ಮೇಲೆ ಅಡಿಕೋಲಿನಿಂದ ಎಳೆದಂತೆ ನೇರವಾದ ಸಮಾನಾಂತರ ತೊರೆಗಳನ್ನು ಹರಿಸಿತು. ಎಲ್ಲಿ ತೊರೆಗಳು ಅಷ್ಟು ಶಿಸ್ತಾಗಿ ಕಾಣುತ್ತವೆಯೋ ಅಲ್ಲಿ ತೊರೆಯೇ ಇಲ್ಲವೆಂದು ತಿಳಿಯುವುದು ಒಳ್ಳೆಯದು. ಕೊನೆಗೆ ದೊಡ್ಡ ತಗ್ಗುಗಳನ್ನು ನೀರಿನ ಕೊನೆಯ ತಾಣಗಳೆಂದೇ ಬಿಟ್ಟು, ಸಣ್ಣವನ್ನು ಮಾತ್ರ ತುಂಬಿಸಿದೆ. ಹಾಗೆಂದು ನದಿಯನ್ನು ಸೇರದ ಭಾಗಗಳನ್ನು ಕತ್ತರಿಸಿ ಎಸೆಯಲೂ ಮನಸ್ಸಾಗಲಿಲ್ಲ. 2006ರ ಆಗಸ್ಟ್‌ನಲ್ಲಿ ಬಾಡ್ಮೇರ್ ಜಿಲ್ಲೆಯ ಕವಾಸ್ ಊರು ನೆರೆಯಲ್ಲಿ ಮುಳುಗಿದಾಗ, ನೆಲದಡಿಯ ಜಿಪ್ಸಂ ಪದರದಿಂದಾಗಿ ನೀರು ಇಂಗದೆ ತಿಂಗಳುಗಟ್ಟಲೆ ನಿಂತಿತ್ತು. ಹರಿವಿಲ್ಲದಂತೆ ಕಾಣುವ ನೆಲದಲ್ಲೂ ನೀರು ತನ್ನ ತಗ್ಗನ್ನು ಹುಡುಕಿಕೊಂಡೇ ಹೋಗುತ್ತದೆ. ಅಂಥ ಭಾಗಗಳನ್ನು ನಕ್ಷೆಯೊಳಗೇ ಇಟ್ಟು, ಬೇರೆ ಗುರುತು ಹಾಕಿದೆ.

ಚಿತ್ರಗಳಿಗೆ ಆರಿಸಿಕೊಂಡದ್ದು ಸೆಂಟಿನೆಲ್-2. ಇದರ ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಹಾಯುತ್ತವೆ. ಬೇರೆ ಬೇರೆ ತರಂಗಾಂತರದ ಬೆಳಕನ್ನು ಅಳೆಯುವ ಹದಿಮೂರು ಪಟ್ಟಿಗಳಲ್ಲಿ ನಾಲ್ಕು 10 ಮೀಟರ್ ವಿವರವನ್ನು ಕೊಡುತ್ತವೆ. ಆರಂಭದಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಮಳೆಗಾಲ ಮುಗಿದ ಅಕ್ಟೋಬರ್‌ನ ಮೋಡವಿಲ್ಲದ ಚಿತ್ರಗಳನ್ನು ಜೋಡಿಸಿ, ಹತ್ತು ವರ್ಗಗಳನ್ನು ಹೇಳಿಕೊಟ್ಟು, ರ‍್ಯಾಂಡಮ್ ಫಾರೆಸ್ಟ್ ಎಂಬ, ಮಾದರಿ ಬಿಂದುಗಳನ್ನು ನೋಡಿ ಕಲಿಯುವ ಗಣಕ ವಿಧಾನದಿಂದ ವಿಂಗಡಿಸಿದೆ. ನಕ್ಷೆ ನೋಡಲು ಅಂದವಾಗಿತ್ತು. ಆದರೆ ಅಕ್ಟೋಬರ್ ಹೊತ್ತಿಗೆ ಸಜ್ಜೆ, ಹೆಸರು, ಮಡಿಕೆಗಳ ಕೊಯ್ಲು ಬಹುಪಾಲು ಮುಗಿದಿರುವುದರಿಂದ ಕೊಯ್ದ ಹೊಲಗಳೆಲ್ಲ ಮರಳಾಗಿಬಿಟ್ಟಿದ್ದವು. ಮಳೆಗೆ ಚಿಗುರಿದ ಹುಲ್ಲು ಇನ್ನೂ ಪೂರ್ತಿ ಒಣಗದ ದಿನ್ನೆಗಳು ಹೊಲಗಳಾಗಿದ್ದವು. ಸಸ್ಯ ಸೂಚ್ಯಂಕವಾದ ಎನ್‌ಡಿವಿಐ ಬದಲಿಗೆ, ಮಣ್ಣಿನ ಹೊಳಪಿನ ಪ್ರಭಾವವನ್ನು ತಗ್ಗಿಸುವ ಸಾವಿ ಸೂಚ್ಯಂಕವನ್ನು 0.5ರ ತಿದ್ದುಪಡಿಯೊಂದಿಗೆ ಬಳಸಿದ್ದರಿಂದ ಸ್ವಲ್ಪ ಸುಧಾರಿಸಿತಾದರೂ ರೋಗ ಬೇರೆಡೆ ಇತ್ತು. ಗಿಡಗಂಟಿ ನೆಲದ ಕಾಲುಭಾಗವನ್ನೂ ಮುಚ್ಚದ ಕಡೆ ಉಪಗ್ರಹ ನೋಡುವುದು ಮುಖ್ಯವಾಗಿ ಮಣ್ಣನ್ನೇ, ಮತ್ತು ಮಣ್ಣು ಹೊಲದಲ್ಲೂ ದಿನ್ನೆಯಲ್ಲೂ ಒಂದೇ. ಬಣ್ಣದಲ್ಲಿ ವ್ಯತ್ಯಾಸವಿಲ್ಲದ ಮೇಲೆ ಅದನ್ನು ಕಾಲದಲ್ಲಿ ಹುಡುಕಬೇಕಾಯಿತು.

ಆದ್ದರಿಂದ ಒಂದು ಚಿತ್ರವನ್ನು ಬಿಟ್ಟು, ಜೂನ್‌ನಿಂದ ಮುಂದಿನ ಮೇವರೆಗಿನ ಇಡೀ ವರ್ಷದ ಚಿತ್ರಗಳಿಂದ ಪ್ರತಿಯೊಂದು ಪಿಕ್ಸೆಲ್‌ನ ಹಸಿರಿನ ಏರಿಳಿತವನ್ನು ಒಂದು ಗೆರೆಯಾಗಿ ಬರೆದುಕೊಂಡೆ. ಸೆಪ್ಟೆಂಬರ್‌ನಲ್ಲಿ ಏರಿ ನವೆಂಬರ್‌ಗೆ ಇಳಿಯುವುದು ಮಳೆಯಾಶ್ರಿತ ಸಜ್ಜೆ ಅಥವಾ ಚವಳಿಕಾಯಿ. ಜನವರಿ–ಫೆಬ್ರವರಿಯಲ್ಲಿ ಏರುವುದು ಕೊಳವೆಬಾವಿಯ ಇಲ್ಲವೇ ನರ್ಮದಾ ಕಾಲುವೆಯ ನೀರು ಕುಡಿದ ಜೀರಿಗೆ, ಸಾಸಿವೆ, ಇಸಬ್‌ಗೋಲ್. ವರ್ಷವಿಡೀ ಹೆಚ್ಚು ಏರಿಳಿತವಿಲ್ಲದೆ ತೆಳ್ಳಗೆ ಹಸಿರಾಗಿರುವುದು ಬಾಲೋತರಾ ಕಡೆಯ ದಾಳಿಂಬೆ ತೋಟ. ಇವನ್ನೆಲ್ಲ ಗುರುತಿಸುವುದು ಕಷ್ಟವಾಗಲಿಲ್ಲ. ನಿಜವಾಗಿ ಸತಾಯಿಸಿದ್ದು ಮರಗಳು. ಅಲ್ಲಿ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ನಿಂತಿರುವ ಖೇಜ್ಡಿ ಎಂದರೆ ನಾವು ದಸರೆಯಲ್ಲಿ ಪೂಜಿಸುವ ಬನ್ನಿಮರವೇ. ನದಿತೊರೆಗಳ ದಂಡೆಯಲ್ಲಿ, ಊರಾಚೆಯ ಹುಲ್ಲುಗಾವಲುಗಳಲ್ಲಿ ದಟ್ಟವಾಗಿ ಹಬ್ಬಿರುವ ವಿಲಾಯತಿ ಬಬೂಲ್ ಎಂದರೆ ನಮ್ಮ ಬಳ್ಳಾರಿ ಜಾಲಿ. ಎರಡನ್ನೂ ಬಹುಕಾಲ ಒಂದೇ ಕುಲಕ್ಕೆ ಸೇರಿಸಲಾಗುತ್ತಿತ್ತು, ಎಲೆಯ ರಚನೆಯೂ ಹತ್ತಿರದ್ದು, ಆದರೆ ರೈತನ ಪಾಲಿಗೆ ಒಂದು ದೇವರು, ಇನ್ನೊಂದು ಪೀಡೆ. ಜೋಧಪುರ ಸಂಸ್ಥಾನದ ಕಾಲದಲ್ಲಿ ವಿಮಾನದಿಂದ ಈ ಜಾಲಿಯ ಬೀಜ ಚೆಲ್ಲಿಸಿದರೆಂದು ಅಲ್ಲಿಯ ಜನ ಹೇಳುತ್ತಾರೆ. ಈಗ ಆ ಕೆಲಸವನ್ನು ಕಾಯಿ ತಿಂದು ಸಗಣಿ ಹಾಕುವ ದನಕರುಗಳೇ ಮಾಡುತ್ತಿವೆ.

ಇವೆರಡನ್ನು ಬೇರ್ಪಡಿಸುವ ಸುಳಿವು ಸಿಕ್ಕಿದ್ದು ಚಿತ್ರದಲ್ಲಲ್ಲ, ಒಂದು ಡಿಸೆಂಬರ್‌ನಲ್ಲಿ ಪಾಲಿಯಿಂದ ಜಾಲೋರ್‌ಗೆ ಹೋಗುವ ದಾರಿಯಲ್ಲಿ. ಹೊಲಗಳಲ್ಲಿನ ಬನ್ನಿಮರಗಳೆಲ್ಲ ಕೊಂಬೆ ಕಳೆದುಕೊಂಡು ಮೊಂಡಾಗಿ ನಿಂತಿದ್ದವು. ಚಳಿಗಾಲದಲ್ಲಿ ಕೊಂಬೆ ಕಡಿದು, ಎಲೆ ಒಣಗಿಸಿ, ಆಡು–ಒಂಟೆಗಳಿಗೆ ಮೇವಾಗಿ ಕೂಡಿಡುವುದು ಅಲ್ಲಿಯ ಪದ್ಧತಿ. ಆ ಒಣ ಎಲೆಗೆ ಲೂಂಗ್ ಎನ್ನುತ್ತಾರೆ. ಬೇಸಿಗೆಯಲ್ಲಿ, ಮಳೆ ಬರುವ ಮೊದಲೇ, ಮರ ಮತ್ತೆ ಚಿಗುರುತ್ತದೆ. ಬಳ್ಳಾರಿ ಜಾಲಿಯನ್ನು ಹಾಗೆ ಯಾರೂ ಸವರುವುದಿಲ್ಲ. ಅದರ ಎಲೆಯನ್ನು ಆಡೂ ಮೂಸುವುದು ಅಪರೂಪ. ಊರಿಗೆ ಮರಳಿದ ಮೇಲೆ ಡಿಸೆಂಬರ್–ಜನವರಿಯ ಕುಸಿತ ಮತ್ತು ಏಪ್ರಿಲ್–ಮೇಯ ಏರಿಕೆ ಎಂಬ ಎರಡು ಅಳತೆಗಳನ್ನು ವಿಂಗಡಣೆಗೆ ಸೇರಿಸಿದಾಗ, ಅಲ್ಲಿಯವರೆಗೆ ಒಂದೇ ಮುದ್ದೆಯಾಗಿದ್ದ 'ಮರಗಿಡ' ವರ್ಗ ಎರಡಾಗಿ ಒಡೆಯಿತು. ಒಂದು ಪಿಕ್ಸೆಲ್ ನೂರು ಚದರ ಮೀಟರ್. ಸಾಧಾರಣ ಬನ್ನಿಮರದ ನೆರಳು ಅದನ್ನು ತುಂಬುವುದಿಲ್ಲ. ಹೀಗಾಗಿ ನಾನು ಗುರುತಿಸಿದ್ದು ಒಂಟಿ ಮರವನ್ನಲ್ಲ, 'ಬನ್ನಿಮರಗಳಿರುವ ಹೊಲ' ಎಂಬ ಮಿಶ್ರ ವರ್ಗವನ್ನು. ಮರವಿಲ್ಲದ ಹೊಲಕ್ಕಿಂತ ಅದನ್ನು ಬೇರೆ ಇಡುವುದು ಲೆಕ್ಕಕ್ಕೂ ನ್ಯಾಯ, ಅಲ್ಲಿಯ ಬೇಸಾಯಕ್ಕೂ ನ್ಯಾಯ ಎಂದು ಈಗಲೂ ನಂಬಿದ್ದೇನೆ.

ಉಪ್ಪುನೆಲದ ಕಥೆ ಇನ್ನೊಂದು ಬಗೆಯದು. ಮೊದಲ ವರ್ಷದ ನಕ್ಷೆಯಲ್ಲಿ ಪಚಪದರಾ ಇರಬೇಕಾದ ಜಾಗದಲ್ಲಿ ಒಂದು ತೂತು ಬಿದ್ದಿತ್ತು. ಮೋಡಗಳನ್ನು ಅಳಿಸುವ ಸಿದ್ಧ ಕ್ರಮ ಬೆಳ್ಳಗೆ ಹೊಳೆಯುವ ಉಪ್ಪನ್ನೂ ಮೋಡವೆಂದು ಬಗೆದು ಪ್ರತಿಯೊಂದು ಚಿತ್ರದಿಂದಲೂ ಅಳಿಸಿಹಾಕಿತ್ತು. ಮೋಡದ ತಂಪನ್ನು ಅಳೆಯಬಲ್ಲ ಉಷ್ಣಪಟ್ಟಿ ಸೆಂಟಿನೆಲ್-2ರಲ್ಲಿ ಇಲ್ಲದಿರುವುದರಿಂದ ಈ ತಪ್ಪು ಸಹಜ. ಮೋಡ ಚಲಿಸುತ್ತದೆ, ಉಪ್ಪು ಚಲಿಸುವುದಿಲ್ಲ ಎಂಬ ಸರಳ ತರ್ಕವೇ ಕೈಹಿಡಿಯಿತು: ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಸಲ 'ಮೋಡ'ವೆನಿಸಿಕೊಂಡ ಪಿಕ್ಸೆಲ್‌ಗಳನ್ನೆಲ್ಲ ನೆಲವೆಂದು ವಾಪಸು ತಂದೆ. ಮರಳಿಗೂ ಉಪ್ಪಿಗೂ ಇರುವ ಅಂತರ ಬರಿಗಣ್ಣಿಗೆ ಕಾಣುವ ಬೆಳಕಿನಲ್ಲಿ ಅಷ್ಟಾಗಿ ತಿಳಿಯದು. ಹ್ರಸ್ವತರಂಗದ ಅವಕೆಂಪು ಪಟ್ಟಿಗಳಲ್ಲಿ ಒಣ ಮರಳು ಹೊಳೆಯುತ್ತಲೇ ಇರುತ್ತದೆ, ಅಡಿಯಲ್ಲಿ ತೇವ ಹಿಡಿದಿಟ್ಟುಕೊಂಡ ಉಪ್ಪುನೆಲ ಕಪ್ಪಾಗುತ್ತದೆ.

ಮೊದಲ ವರ್ಷವೆಂದು ನಾನು ಆರಿಸಿಕೊಂಡಿದ್ದು ಕೂಡ ದುರದೃಷ್ಟಕ್ಕೆ 2019–20. ಜಾಲೋರ್ ಜಿಲ್ಲೆಯ ಸಾಂಚೋರ್ ಕಡೆ ಜೀರಿಗೆ ಹೊಲಗಳ ಗೆರೆ ಏರಬೇಕಾದ ಹೊತ್ತಿನಲ್ಲಿ ಹಲವೆಡೆ ಥಟ್ಟನೆ ನೆಲಕ್ಕೆ ಬಿದ್ದಿತ್ತು. ಮೋಡದ ನೆರಳಿರಬಹುದು, ಮಂಜಿರಬಹುದು ಎಂದು ವಾರಗಟ್ಟಲೆ ದತ್ತಾಂಶವನ್ನು ತಿದ್ದುತ್ತ ಕುಳಿತಿದ್ದೆ. ಆಮೇಲೆ ಹೊಲಕ್ಕೆ ಹೋದಾಗ ಹಿರಿಯ ರೈತರೊಬ್ಬರು, ಮಿಡತೆಯ ಹಿಂಡು ಇಳಿದ ರಾತ್ರಿ ಮನೆಮಂದಿಯೆಲ್ಲ ತಟ್ಟೆ ಬಡಿದು ಕೂಗಿದರೂ ಬೆಳಗಾಗುವಷ್ಟರಲ್ಲಿ ಬರೀ ಕಡ್ಡಿ ಉಳಿದಿತ್ತೆಂದು ವಿವರಿಸಿದರು. ದತ್ತಾಂಶ ಸರಿಯಾಗಿಯೇ ಇತ್ತು. ಇದರಿಂದ ಕಲಿತೆನೆಂದುಕೊಂಡು 2021–22ರಲ್ಲಿ ಮತ್ತೆ ಎಡವಿದೆ: ಜನವರಿಯ ಕೊನೆಯಿಂದ ಇಡೀ ಜಲಾನಯನದ ಹಸಿರು ಒಮ್ಮೆಲೇ ತಗ್ಗಿದಂತೆ ಕಂಡಾಗ ಯಾವುದೋ ಕೀಟಬಾಧೆಯನ್ನು ಹುಡುಕತೊಡಗಿದೆ. ಬೆಟ್ಟದ ಬಂಡೆಯೂ ತಗ್ಗಿತ್ತೆಂಬುದನ್ನು ಗಮನಿಸಿದ ಮೇಲಷ್ಟೇ ಅನುಮಾನ ಬಂತು. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಸಂಸ್ಕರಣಾ ಕ್ರಮ ಬದಲಾಗಿ, ಎಲ್ಲ ಪಟ್ಟಿಗಳ ಮೌಲ್ಯಕ್ಕೂ 1000 ಕೂಡಿಸಿ ಕೊಡಲಾಗುತ್ತಿದೆ; ಅದನ್ನು ಕಳೆಯದೆ ಭಾಗಾಕಾರ ಮಾಡಿದರೆ ಸೂಚ್ಯಂಕ ಸುಳ್ಳು ಹೇಳುತ್ತದೆ. ಹಳೆಯದನ್ನೂ ಹೊಸದನ್ನೂ ಸರಿಹೊಂದಿಸಿದ ಸಂಗ್ರಹವೇ ದೊರೆಯುವುದರಿಂದ ಈಗ ಅದನ್ನೇ ಬಳಸುತ್ತೇನೆ.

ಕಟ್ಟಡಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಜೋಧಪುರದ ಮನೆಗಳು ಅಲ್ಲಿಯದೇ ಮರಳುಗಲ್ಲಿನವು, ಹೀಗಾಗಿ ಊರು ಮತ್ತು ಬಂಡೆನೆಲ ಒಂದೇ ಬಣ್ಣ. ಸೆಂಟಿನೆಲ್-1ರ ರೇಡಾರ್‌ನಲ್ಲಿ ಗೋಡೆ ಮತ್ತು ನೆಲ ಸೇರುವ ಮೂಲೆಗಳಿಂದ ಬಲವಾದ ಪ್ರತಿಫಲನ ಬರುತ್ತದೆ, ಆದರೆ ಸಿವಾನಾ, ಜಾಲೋರ್‌ನ ಗ್ರಾನೈಟ್ ಬೆಟ್ಟಗಳಿಂದಲೂ ಬರುತ್ತದೆ. ಕಡಿದಾದ ಇಳಿಜಾರುಗಳನ್ನು ಎತ್ತರದ ದತ್ತಾಂಶದಿಂದ ಹೊರಗಿಟ್ಟಾಗ ಊರುಗಳು ಉಳಿದವು. ಹೊಲದ ನಡುವೆ ಒಂದೆರಡು ಮನೆಗಳಿರುವ ಢಾಣಿಗಳು ಮಾತ್ರ ಎಷ್ಟು ಮಾಡಿದರೂ ಸಿಗಲಿಲ್ಲ. ಅವುಗಳನ್ನು ಬಿಟ್ಟಿದ್ದೇನೆಂದು ವರದಿಯಲ್ಲಿ ಬರೆದೆ.

ವರ್ಗಗಳ ಹೆಸರಿನ ಬಗ್ಗೆ ಮಾತ್ರ ಪಟ್ಟು ಹಿಡಿದೆ. ನಮಗೆ ಕೊಟ್ಟ ಪಟ್ಟಿಯಲ್ಲಿ 'ಬಂಜರು ಭೂಮಿ' ಎಂಬ ಒಂದು ವರ್ಗವಿತ್ತು, ಅದರೊಳಗೆ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಓರಣ್‌ಗಳೂ ಊರ ದನಗಳ ಗೋಚರಗಳೂ ಸೇರಿಹೋಗುತ್ತಿದ್ದವು. ಓರಣ್‌ನಲ್ಲಿ ಮರ ಕಡಿಯುವುದಿಲ್ಲ. ಅದರ ಗೆರೆ ತಗ್ಗಾಗಿದ್ದರೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಅದನ್ನು 'ಪೊದೆ–ಹುಲ್ಲುಗಾವಲು' ಎಂದು ಬೇರೆ ಮಾಡಿದೆ. ಯಾರೂ ಉಳದ ನೆಲಕ್ಕೆಲ್ಲ ಬಂಜರೆಂಬ ಹೆಸರಿಡುವುದು ಕಂದಾಯ ಇಲಾಖೆಯ ಭಾಷೆಯೇ ಹೊರತು ಭೂಹೊದಿಕೆಯ ಭಾಷೆಯಲ್ಲ.

ನಿಖರತೆಯ ಪರೀಕ್ಷೆಯಲ್ಲಿ ಮೊದಲು ಬಂದ ಅಂಕಗಳು ನನಗೇ ನಂಬಿಕೆ ಬಾರದಷ್ಟು ಚೆನ್ನಾಗಿದ್ದವು. ಕಲಿಸಲು ಬಳಸಿದ ಬಿಂದುವೂ ಪರೀಕ್ಷೆಯ ಬಿಂದುವೂ ಎಷ್ಟೋ ಕಡೆ ಒಂದೇ ಹೊಲದಲ್ಲಿದ್ದವು. ಪಾಠದ ಪುಸ್ತಕ ತೆರೆದಿಟ್ಟು ಪರೀಕ್ಷೆ ಬರೆಸಿದಂತಾಗಿತ್ತು. ಜಲಾನಯನವನ್ನು ದೊಡ್ಡ ಚೌಕಗಳಾಗಿ ವಿಭಜಿಸಿ, ಕೆಲವು ಚೌಕಗಳಿಂದ ಕಲಿಸಿ ಉಳಿದವುಗಳಲ್ಲಿ ಪರೀಕ್ಷಿಸಿದಾಗ ಅಂಕಗಳು ಇಳಿದವು, ವಿಶೇಷವಾಗಿ ಬೀಳು ಹೊಲ ಮತ್ತು ಮರಳು ಬಯಲಿನ ನಡುವೆ. ಮಳೆ ಕೈಕೊಟ್ಟ ವರ್ಷ ಬಿತ್ತದೆ ಬಿಟ್ಟ ಹೊಲಕ್ಕೆ ಏರಿಳಿತವೇ ಇರುವುದಿಲ್ಲ. ಹಾಗಾಗಿ ಮೂರು ವರ್ಷಗಳಲ್ಲಿ ಒಂದು ಸಲವಾದರೂ ಬೆಳೆಯ ಗೆರೆ ತೋರಿದ ನೆಲವನ್ನು ಹೊಲವೆಂದೇ ಪರಿಗಣಿಸಿದೆ.

ಕೊನೆಗೆ ಉಳಿದದ್ದು ನದಿ. ವರ್ಷದ ಬಹುಪಾಲು ದಿನ ಲೂಣಿಯ ಪಾತ್ರ ಒಣ ಮರಳು. ವಿಂಗಡಣೆ ಅದನ್ನು ಕೆಲವೆಡೆ ಮರಳು ಬಯಲೆಂದೂ, ಪಾತ್ರದಲ್ಲೇ ಬಿತ್ತಿದ ಕಡೆ ಹೊಲವೆಂದೂ, ದಂಡೆಯಲ್ಲಿ ಜಾಲಿಯೆಂದೂ ತುಂಡು ಮಾಡಿತ್ತು. ರೇಡಾರ್‌ನಲ್ಲಿ ನುಣ್ಣನೆಯ ಒಣ ಮರಳೂ ನೀರೂ ಎರಡೂ ಕಪ್ಪಾಗಿ ಕಾಣುವುದರಿಂದ ಅದೂ ಉಪಯೋಗಕ್ಕೆ ಬರಲಿಲ್ಲ. ವಿಚಿತ್ರವೆಂದರೆ, ಮೇ ತಿಂಗಳಲ್ಲೂ ನೀರೆಂದು ಸ್ಪಷ್ಟವಾಗಿ ಗುರುತಾದ ತುಂಡುಗಳು ಉಪನದಿಗಳಾದ ಪಾಲಿಯ ಬಾಂಡಿ ಮತ್ತು ಜೋಧಪುರದ ಜೋಜರಿಯಲ್ಲಿದ್ದವು, ಮತ್ತು ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಂದಲೂ ಊರ ಚರಂಡಿಗಳಿಂದಲೂ ಬಂದ ಕೊಳಚೆ. ಅದಕ್ಕೆ 'ನೀರು' ಎಂಬ ಬಣ್ಣ ಹಾಕಲಾರದೆ 'ತ್ಯಾಜ್ಯನೀರಿನ ಹರಿವು' ಎಂದು ಬೇರೆ ವರ್ಗ ಮಾಡಿದೆ. ಲೂಣಿಯ ಪಾತ್ರವನ್ನು ಮಾತ್ರ ಎತ್ತರದ ದತ್ತಾಂಶವನ್ನೂ, ಮಳೆ ನಿಂತ ಮರುದಿನಗಳ ಕೆಲವೇ ಸ್ವಚ್ಛ ಚಿತ್ರಗಳನ್ನೂ ಪಕ್ಕದಲ್ಲಿಟ್ಟುಕೊಂಡು, ಅರಾವಳಿಯ ಬುಡದಿಂದ ರಣದ ಅಂಚಿನವರೆಗೆ ಒಂದೊಂದೇ ತಿರುವನ್ನು ನೋಡುತ್ತ ಎಳೆದೆ. ಇಡೀ ನಕ್ಷೆಯಲ್ಲಿ ಕೈಯಿಂದ ಬರೆದ ವರ್ಗ ಅದೊಂದೇ.