ಟೈಮ್ ಸೋರುವುದು ಪ್ಯಾಸೇಜಿನಲ್ಲಲ್ಲ, ಆಪ್ಷನ್‌ಗಳಲ್ಲಿ

"ಟೈಮ್ ಸಾಲ್ತಿಲ್ಲ, ಬೇಗ ಓದೋದು ಹೇಗೆ?" ರೀಡಿಂಗ್ ಕಾಂಪ್ರಹೆನ್ಷನ್, ಅಂದರೆ ಪ್ಯಾಸೇಜ್ ಓದಿ ಪ್ರಶ್ನೆಗಳಿಗೆ ಉತ್ತರಿಸುವ ಭಾಗದ ಬಗ್ಗೆ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೂ ಆಮೇಲೆ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇಗೂ ತಯಾರಿ ಮಾಡುವಾಗ ನಾನು ಬೇಗ ಓದುವ ಕಸರತ್ತಿಗೆ ಕೈ ಹಾಕಲೇ ಇಲ್ಲ. ಮೊದಲು ಸ್ಟಾಪ್‌ವಾಚ್ ಇಟ್ಟುಕೊಂಡು, ಪ್ಯಾಸೇಜ್ ಓದಲು ಹಿಡಿದ ಸಮಯವನ್ನೂ ಪ್ರಶ್ನೆಗಳಿಗೆ ಹಿಡಿದ ಸಮಯವನ್ನೂ ಬೇರೆ ಬೇರೆ ಬರೆದುಕೊಳ್ಳತೊಡಗಿದೆ.

ಹಿಂದಿನ ಅಧ್ಯಯನಗಳನ್ನು ಒಟ್ಟು ಹಾಕಿ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಂಗ್ಲಿಷ್‌ನ ಮಾಹಿತಿ ಬರಹವನ್ನು ಮನಸ್ಸಿನಲ್ಲೇ ಓದುವ ವಯಸ್ಕರ ಸರಾಸರಿ ವೇಗ ನಿಮಿಷಕ್ಕೆ ಸುಮಾರು 238 ಪದ. ಅಂದರೆ 400 ಪದಗಳ ಪ್ಯಾಸೇಜ್ ಎರಡು ನಿಮಿಷದೊಳಗೆ ಮುಗಿಯುತ್ತದೆ. ನಮಗೆ ಮೂರು ನಿಮಿಷ ಹಿಡಿದರೂ ಅದೇನು ದೊಡ್ಡ ನಷ್ಟವಲ್ಲ. ನನ್ನ ಟೈಮ್ ಹೋಗುತ್ತಿದ್ದದ್ದು ಕೊನೆಗೆ ಉಳಿದ ಎರಡು ಆಪ್ಷನ್‌ಗಳ ಮುಂದೆ. ಇದಾ, ಅದಾ ಎನ್ನುತ್ತ ಮತ್ತೆ ಮತ್ತೆ ಪ್ಯಾಸೇಜಿಗೆ ಹೋಗಿಬರುವುದರಲ್ಲೇ ನಿಮಿಷಗಳು ಕಳೆಯುತ್ತಿದ್ದವು.

ಆದ್ದರಿಂದ ಜಿಆರ್‌ಇ ಪ್ಯಾಸೇಜನ್ನು ಮೊದಲ ಸಲವೇ ಸಮಾಧಾನವಾಗಿ ಓದುವುದನ್ನು ರೂಢಿ ಮಾಡಿಕೊಂಡೆ. ಪ್ರತಿ ಪ್ಯಾರಾ ಮುಗಿದಾಗ ಒಂದು ಕ್ಷಣ ನಿಂತು, ಲೇಖಕರು ಇಲ್ಲಿ ಏನು ಮಾಡಿದರು ಎಂದು ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದೆ: ಹಳೇ ವಾದ, ಅದಕ್ಕೆ ಆಕ್ಷೇಪ, ಹೊಸ ಪುರಾವೆ, ಆದರೂ ಒಂದು ಅನುಮಾನ. ಅಷ್ಟೇ ಸಾಕು. ಹೆಸರು, ಇಸವಿ, ಉದಾಹರಣೆಗಳನ್ನು ನೆನಪಿಡುವ ಗೋಜಿಗೆ ಹೋಗಬಾರದು. ಅವು ಯಾವ ಪ್ಯಾರಾದಲ್ಲಿವೆ ಎಂದು ಗೊತ್ತಿದ್ದರೆ ಆಯಿತು, ಪ್ರಶ್ನೆ ಬಂದಾಗ ನೇರ ಅಲ್ಲಿಗೇ ಹೋಗಬಹುದು. 'ಆದರೆ', 'ಹಾಗಿದ್ದರೂ' ಎಂಬರ್ಥದ ಪದ ಬಂದ ಕಡೆ ಮಾತ್ರ ಇನ್ನಷ್ಟು ನಿಧಾನಿಸುತ್ತಿದ್ದೆ. ಲೇಖಕರ ಸ್ವಂತ ನಿಲುವು ಸಾಮಾನ್ಯವಾಗಿ ಆ ತಿರುವಿನ ಆಚೆಗೇ ಇರುತ್ತದೆ.

ಇನ್ನು ಆಪ್ಷನ್‌ಗಳು. ನನ್ನ ಮಟ್ಟಿಗೆ ಅಂಕ ಏರಿದ್ದು ಇಲ್ಲೇ. ಪ್ರಶ್ನೆ ಓದಿ, ಆಪ್ಷನ್ ನೋಡುವ ಮುಂಚೆ ಉತ್ತರ ಏನಿರಬಹುದೆಂದು ನಾನೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಪ್ರತಿ ಆಪ್ಷನ್‌ನಲ್ಲಿ ಸರಿಯೇನಿದೆ ಎಂದಲ್ಲ, ತಪ್ಪೇನಿದೆ ಎಂದು ಹುಡುಕುತ್ತಿದ್ದೆ. ಪ್ಯಾಸೇಜಿನಲ್ಲಿ "ಕೆಲವು ವಲಸೆ ಹಕ್ಕಿಗಳು ರಾತ್ರಿ ದಿಕ್ಕು ಹಿಡಿಯಲು ನಕ್ಷತ್ರಗಳನ್ನೂ ಬಳಸುತ್ತವೆ" ಎಂದಿದೆ ಅಂದುಕೊಳ್ಳಿ. ಆಪ್ಷನ್ ಹೀಗಿರುತ್ತದೆ: "ವಲಸೆ ಹಕ್ಕಿಗಳು ರಾತ್ರಿ ನಕ್ಷತ್ರಗಳನ್ನು ನೋಡಿಯೇ ದಿಕ್ಕು ಹಿಡಿಯುತ್ತವೆ." ಓದಲು ಎರಡೂ ಒಂದೇ ಅನ್ನಿಸುತ್ತದೆ. ಆದರೆ 'ಕೆಲವು' ಮಾಯವಾಗಿದೆ, 'ನಕ್ಷತ್ರಗಳನ್ನೂ' ಎಂಬಲ್ಲಿದ್ದ 'ಊ' ಹೋಗಿ 'ಯೇ' ಬಂದು ಕೂತಿದೆ. ಇಷ್ಟು ಕಂಡರೆ ಆ ಆಪ್ಷನ್ ಹೊಡೆದುಹಾಕಲು ಐದು ಸೆಕೆಂಡ್ ಬೇಕಿಲ್ಲ. ಉಳಿದ ಉತ್ತರಕ್ಕೆ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸಲು ಆಗಬೇಕು; ಆಗದಿದ್ದರೆ ಅದು ಊಹೆ.

ಐಇಎಲ್‌ಟಿಎಸ್‌ನ 'ಟ್ರೂ, ಫಾಲ್ಸ್, ನಾಟ್ ಗಿವನ್'ಗೂ ಇದೇ ಹಿಡಿತ ಬೇಕು. ಕೊಟ್ಟ ಹೇಳಿಕೆ ಪ್ಯಾಸೇಜಿಗೆ ಹೊಂದುತ್ತದೆಯೇ, ವಿರುದ್ಧವೇ, ಅಥವಾ ಆ ಮಾಹಿತಿಯೇ ಅಲ್ಲಿಲ್ಲವೇ ಎಂದು ಇಲ್ಲಿ ಹೇಳಬೇಕು. ದೊಡ್ಡ ಹಕ್ಕಿಗಳು ನಕ್ಷತ್ರ ಬಳಸುವುದಿಲ್ಲ ಎಂಬ ಹೇಳಿಕೆ ಕೊಟ್ಟರೆ ಅದು ಫಾಲ್ಸ್ ಅಲ್ಲ, ನಾಟ್ ಗಿವನ್. ಪ್ಯಾಸೇಜ್ ಅದನ್ನು ಅಲ್ಲಗಳೆದಿಲ್ಲ, ಆ ವಿಷಯವನ್ನೇ ಎತ್ತಿಲ್ಲ. 60 ನಿಮಿಷದಲ್ಲಿ 40 ಪ್ರಶ್ನೆ ಇರುವ ಈ ರೀಡಿಂಗ್ ಪರೀಕ್ಷೆಯಲ್ಲಿ ಮಾತ್ರ ನಾನು ಪ್ರಶ್ನೆಗಳ ಮೇಲೆ ಮೊದಲು ಕಣ್ಣಾಡಿಸುತ್ತಿದ್ದೆ. ಈ ಬಗೆಯ ಪ್ರಶ್ನೆಗಳ ಉತ್ತರ ಪ್ಯಾಸೇಜಿನ ಕ್ರಮದಲ್ಲೇ ಸಿಗುವುದರಿಂದ ಹುಡುಕಾಟ ಕಡಿಮೆ.

ಅಭ್ಯಾಸ ಮುಗಿದ ಮೇಲೆ ಸರಿ ಉತ್ತರ ನೋಡಿ ಮುಂದೆ ಹೋಗುವುದರಿಂದ ಹೆಚ್ಚು ಲಾಭವಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ನೋಟ್‌ಬುಕ್‌ನಲ್ಲಿ ತಪ್ಪು ಆಪ್ಷನ್ ಯಾಕೆ ತಪ್ಪು ಎಂದು ಒಂದು ಸಾಲು ಬರೆಯುತ್ತಿದ್ದೆ. ಊಹಿಸಿ ಸರಿಯಾದವನ್ನೂ ಬಿಡುತ್ತಿರಲಿಲ್ಲ. ಕೆಲ ವಾರಗಳಲ್ಲಿ ನನ್ನನ್ನು ಸೆಳೆಯುವ ಆಪ್ಷನ್ ಯಾವ ಜಾತಿಯದೆಂದು ತಿಳಿಯಿತು: ಲೋಕದಲ್ಲಿ ನಿಜ, ಪ್ಯಾಸೇಜಿನಲ್ಲಿ ಮಾತ್ರ ಇಲ್ಲ. ಪರಿಚಿತ ವಿಷಯದ ಪ್ಯಾಸೇಜ್ ಬಂದರೆ ಅಂದಿನಿಂದ ಹೆಚ್ಚು ಎಚ್ಚರ ವಹಿಸಿದೆ.

ಎರಡೂ ಪರೀಕ್ಷೆಗಳಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಜಿಆರ್‌ಇಯಲ್ಲಿ ಒಂದು ಪ್ರಶ್ನೆ ಎರಡು ನಿಮಿಷ ದಾಟಿತೆಂದರೆ ಉಳಿದ ಆಪ್ಷನ್‌ಗಳಲ್ಲಿ ಒಂದನ್ನು ಒತ್ತಿ, ಮಾರ್ಕ್ ಮಾಡಿ ಮುಂದೆ ಹೋಗುತ್ತಿದ್ದೆ. ಆ ಸೆಕ್ಷನ್ ಮುಗಿಯುವ ಮುನ್ನ ಟೈಮ್ ಮಿಕ್ಕರೆ ಮಾತ್ರ ಅದರ ಕಡೆ ಮತ್ತೆ ತಿರುಗುತ್ತಿದ್ದೆ.